ಖಿನ್ನತೆ ಮಾತ್ರೆ ಬಿಡುವುದಕ್ಕೂ ಒಂದು ಇತಿಹಾಸವಿದೆ

ಪೀಣ್ಯದ ವರ್ಕ್‌ಶಾಪಿನಲ್ಲೋ ವೈಟ್‌ಫೀಲ್ಡ್ ಆಫೀಸಿನಲ್ಲೋ ಕೆಲಸ ಮಾಡುವ ಮಗ ಹಬ್ಬಕ್ಕೆ ಊರಿಗೆ ಬರುತ್ತಾನೆ. ಮಾತ್ರೆ ಚೀಟಿ ರೂಮಿನಲ್ಲೇ ಉಳಿದಿರುತ್ತದೆ. ಮೂರನೇ ದಿನಕ್ಕೆ ತಲೆಸುತ್ತು, ವಾಕರಿಕೆ, ಸಿಡುಕು, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು. ಮನೆಯವರು ‘ಕಾಯಿಲೆ ತಿರುಗಿ ಬಂತು’ ಅನ್ನುತ್ತಾರೆ, ಇಲ್ಲವೇ ‘ಮಾತ್ರೆ ಚಟವಾಗಿದೆ’ ಅನ್ನುತ್ತಾರೆ. ಎರಡೂ ತಪ್ಪಾಗಿರಬಹುದು. ಯಾಕೆ ಎಂದು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಮಿಪ್ರಮಿನ್ ಎಂಬ ಮಾತ್ರೆ ಖಿನ್ನತೆಗೆ ನಾಟುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ವೈದ್ಯ ರೋಲಾಂಡ್ ಕುನ್ 1957ರಲ್ಲಿ ಬರೆದರು. ಅದನ್ನು ಥಟ್ಟನೆ ನಿಲ್ಲಿಸಿದವರಿಗೆ ತೊಂದರೆಯಾಗುತ್ತದೆ ಎಂಬ ವರದಿ 1959ರಲ್ಲೇ ಬಂತು. ಅಂದರೆ ಮಾತ್ರೆಯಷ್ಟೇ ಹಳೆಯದು ಈ ಸಮಸ್ಯೆ.

ನಮ್ಮ ಕಡೆ ಏನಾಗುತ್ತಿತ್ತು? 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅದೇ ದಶಕದಲ್ಲಿ ಅದರ ವೈದ್ಯರು ಆನೇಕಲ್ ಕಡೆಯ ಸಕಲವಾರ ಗ್ರಾಮದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದವರೂ ಮನಸ್ಸಿನ ಕಾಯಿಲೆಗೆ ಔಷಧ ಕೊಡುವ ದಾರಿ ಹುಡುಕಿದರು. 1980ರ ದಶಕದಲ್ಲಿ ಆ ಅನುಭವ ಬಳ್ಳಾರಿ ಜಿಲ್ಲೆಗೆ ಹೋಗಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಕಲವಾರದಿಂದ ಸ್ವಲ್ಪವೇ ದೂರದಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳ ಮೇಲೆ, ಕಿಯೋನಿಕ್ಸ್ ಅದೇ ಕಾಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತ್ತು. ಆಗ ಚಿಂತೆ ಇದ್ದದ್ದು ಔಷಧ ಹಳ್ಳಿಗೆ ತಲುಪಿಸುವುದು ಹೇಗೆ ಎಂಬುದರ ಬಗ್ಗೆ. ಬಿಡಿಸುವುದು ಹೇಗೆ ಎಂಬ ಪ್ರಶ್ನೆ ಇಡೀ ಜಗತ್ತಿನಲ್ಲೇ ಹಿಂದೆ ಬಿತ್ತು.

1987ರ ಕೊನೆಗೆ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಅದೇ ಬಗೆಯ ಮಾತ್ರೆಗಳು ಸಾಲಾಗಿ ಬಂದವು. 1990ರ ದಶಕದಲ್ಲಿ ಔಷಧ ಕಂಪನಿಯ ಹಣದಲ್ಲಿ ಸೇರಿದ ತಜ್ಞರು, ಬಿಡುವಾಗಿನ ಲಕ್ಷಣ ಸಾಮಾನ್ಯವಾಗಿ ಹಗುರ, ಬೇಗ ಹೋಗುತ್ತದೆ ಎಂದರು. ಅನೇಕರಿಗೆ ಅದು ನಿಜ. ಆದರೆ ಕೆಲವರು ವಾರಗಟ್ಟಲೆ, ತಿಂಗಳುಗಟ್ಟಲೆ ನರಳಿದರು. 2019ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಇದನ್ನು ಒಪ್ಪಿ ತನ್ನ ನಿಲುವು ಬದಲಿಸಿತು.

ಅದೇ ವರ್ಷ ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ ಎಂಬ ಇಬ್ಬರು ಕಾರಣವನ್ನು ಬಿಡಿಸಿಟ್ಟರು. ಈ ಮಾತ್ರೆಯ ಸಣ್ಣ ಡೋಸ್ ಕೂಡ ಮಿದುಳಿನಲ್ಲಿ ದೊಡ್ಡ ಕೆಲಸ ಮಾಡುತ್ತದೆ. ಹಾಗಾಗಿ 20 ಮಿಲಿಗ್ರಾಂನಿಂದ 10ಕ್ಕೆ ಇಳಿಸಿದಾಗ ಆಗುವ ವ್ಯತ್ಯಾಸಕ್ಕಿಂತ, 5ರಿಂದ ಸೊನ್ನೆಗೆ ಇಳಿಸಿದಾಗ ಆಗುವ ವ್ಯತ್ಯಾಸ ಎಷ್ಟೋ ಹೆಚ್ಚು. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲೇ ಆಳವಾಗಿದ್ದ ಹಾಗೆ. ಕೊನೆಕೊನೆಗೆ ಇನ್ನೂ ಚಿಕ್ಕ ಹೆಜ್ಜೆ, ಇನ್ನೂ ಹೆಚ್ಚು ಸಮಯ ಬೇಕು.

ಕಾಯಿಲೆ ಮರುಕಳಿಸಿದ್ದೋ, ಮಾತ್ರೆ ಬಿಟ್ಟದ್ದರ ಲಕ್ಷಣವೋ? ಬಿಟ್ಟ ಕೆಲವೇ ದಿನದಲ್ಲಿ ಶುರುವಾದರೆ, ಕರೆಂಟ್ ಹೊಡೆದಂಥ ಅನುಭವ, ತಲೆಸುತ್ತು ಇದ್ದರೆ, ಎರಡನೆಯದೇ ಇರಬಹುದು. ಫ್ಲೂಆಕ್ಸೆಟಿನ್ ಮೈಯಿಂದ ನಿಧಾನವಾಗಿ ಹೋಗುವುದರಿಂದ ತಡವಾಗಿಯೂ ಕಾಣಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬೇಗ ಹೋಗುತ್ತವೆ, ಅದಕ್ಕೇ ತೊಂದರೆ ಹೆಚ್ಚು. ಇದು ಚಟವಲ್ಲ. ಚಟದಲ್ಲಿ ಆಸೆ ಎಳೆಯುತ್ತದೆ. ಇಲ್ಲಿ ಔಷಧಕ್ಕೆ ಒಗ್ಗಿದ ಮೈ ಮತ್ತೆ ಹೊಂದಿಕೊಳ್ಳಲು ಹೊತ್ತು ಕೇಳುತ್ತದೆ.

ಆದ್ದರಿಂದ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ. ದಿನ ಬಿಟ್ಟು ದಿನ ನುಂಗುವುದೂ ಬೇಡ. ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಬಿಚ್ಚಬೇಡಿ. ‘ಬಿಡಬೇಕು ಅಂತಿದ್ದೇನೆ, ಹೇಗೆ ಇಳಿಸಲಿ?’ ಎಂದು ಕೇಳಿ. ಇಳಿಸುವಾಗ ದಿನಾಂಕ, ಡೋಸ್, ಮೈ-ಮನಸ್ಸಿನ ಸ್ಥಿತಿ ಬರೆದಿಡಿ. ಕಷ್ಟ ಹೆಚ್ಚಾದರೆ ಹಿಂದಿನ ಡೋಸಿಗೆ ಮರಳುವ ಬಗ್ಗೆ ವೈದ್ಯರೊಂದಿಗೆ ಮಾತಾಡಿ, ಅದು ಸೋಲಲ್ಲ. ಸಾಯುವ ಯೋಚನೆ ಬಂದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮನಸ್ ನಂಬರ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಬರುವ ಮಕ್ಕಳಿಗೆ ಫೋನಿನಲ್ಲಿ ‘ಬಟ್ಟೆ ತಗೊಂಡ್ಯಾ?’ ಅಂತ ಕೇಳುವಾಗ ‘ಮಾತ್ರೆ ತಗೊಂಡ್ಯಾ?’ ಅಂತಲೂ ಒಂದು ಮಾತು ಕೇಳಿ.