ಮಂಗಳೂರಿಗೆ ರೈಲು ಬಂದ ದಾರಿ

ನಮ್ಮ ಆಫೀಸಿನಲ್ಲಿ ಈಗ ಮೆಕ್ಸಿಕೋ ಜ್ವರ. ಟೀಮಿನ ಹುಡುಗನೊಬ್ಬ 'ಎಲ್ ಚೆಪೆ' ಅನ್ನೋ ರೈಲಿನ ವಿಡಿಯೋ ನೋಡಿದ್ದಾನೆ. ಮೂರು ದಿನದಿಂದ ಅದರದ್ದೇ ಜಪ. ಚಿವಾವಾ ಅನ್ನೋ ಊರಿಂದ ಪೆಸಿಫಿಕ್ ಕಡಲಿನ ಕಡೆಗೆ, ಕಾಪರ್ ಕ್ಯಾನ್ಯನ್ ಕಣಿವೆಗಳ ಅಂಚಿನಲ್ಲಿ ಸುಮಾರು 650 ಕಿಲೋಮೀಟರ್ ಹೋಗುತ್ತೆ. 80ಕ್ಕೂ ಹೆಚ್ಚು ಸುರಂಗ, 30ಕ್ಕೂ ಹೆಚ್ಚು ಸೇತುವೆ. ಗೈಡ್ ಜೊತೆಗೇ ಬರ್ತಾನೆ, ಹಕ್ಕಿ ತೋರಿಸ್ತಾನೆ, ಮರದ ಹೆಸರು ಹೇಳ್ತಾನೆ. "ಜೀವಮಾನದಲ್ಲಿ ಒಂದ್ಸಲನಾದ್ರೂ ಹೋಗ್ಬೇಕು ಗುರು" ಅಂದ. ನಾನು, "ಸಕಲೇಶಪುರದ ಘಾಟಿ ರೈಲಲ್ಲಿ ಹೋಗಿದ್ಯೇನಪ್ಪಾ?" ಅಂತ ಕೇಳಿದೆ. "ಮಂಗಳೂರಿಗೆ ಹೋಗಿದ್ದೀನಿ. ಸ್ಲೀಪರ್ ಬಸ್ಸು. ಮಲಗಿದ್ದೆ" ಅಂದ.

ಅವನನ್ನು ಬೈಯೋಕೆ ಇದನ್ನ ಬರೀತಿಲ್ಲ. ಮೆಕ್ಸಿಕೋದ ಆ ರೈಲಿನ ಕತೆ ನಿಜಕ್ಕೂ ಚೆನ್ನಾಗಿದೆ. 1900ರಲ್ಲಿ ಆರ್ಥರ್ ಸ್ಟಿಲ್‌ವೆಲ್ ಅನ್ನೋ ಅಮೆರಿಕದ ಉದ್ಯಮಿ ನಕಾಶೆ ಮುಂದೆ ಕೂತು ಲೆಕ್ಕ ಹಾಕಿದ. ಕ್ಯಾನ್ಸಸ್ ಸಿಟಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋದಕ್ಕಿಂತ ಮೆಕ್ಸಿಕೋದ ಟೋಪೋಲೋಬಾಂಪೋ ಬಂದರಿಗೆ ಹೋದರೆ ಪೆಸಿಫಿಕ್ ಸುಮಾರು 400 ಮೈಲಿ ಹತ್ತಿರ. ಲೆಕ್ಕ ಸರಿಯಾಗೇ ಇತ್ತು. ನಡುವೆ ಪರ್ವತ ಇತ್ತು ಅಷ್ಟೆ. 1912ರ ಹೊತ್ತಿಗೆ ಅವನ ಕಂಪನಿ ದಿವಾಳಿ ಎದ್ದಿತ್ತು. ಕ್ರಾಂತಿ ಬಂತು, ಹೋಯ್ತು. 1940ರಲ್ಲಿ ಮೆಕ್ಸಿಕೋ ಸರ್ಕಾರವೇ ಹಳಿಗಳನ್ನು ಕೊಂಡುಕೊಂಡು, ಕಣಿವೆಯ ಕಷ್ಟದ ಭಾಗವನ್ನೂ ಕಟ್ಟಿ, 1961ರಲ್ಲಿ ರೈಲು ಬಿಟ್ಟಿತು. ಸರಕು ಸಾಗಿಸೋಕೆ ಹುಟ್ಟಿದ ದಾರಿ ಈಗ ಪ್ರವಾಸಿಗರಿಂದ ಹೆಸರಾಗಿದೆ. ಆ ಕಣಿವೆಗಳಲ್ಲಿ ಮೊದಲಿಂದ ಬದುಕಿರೋ ರರಾಮುರಿ ಜನ ಬೆಟ್ಟದಲ್ಲಿ ದಿನಗಟ್ಟಲೆ ಓಡೋದಕ್ಕೆ ಪ್ರಸಿದ್ಧರು. ಅವರ ಹೆಂಗಸರು ದಿವಿಸಾದೇರೋ ಸ್ಟೇಷನ್ನಿನಲ್ಲಿ ಬುಟ್ಟಿ ಹೆಣೆದು ಮಾರ್ತಾರೆ. ರೈಲು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ. ಜನ ಇಳಿದು ಫೋಟೋ ತೆಗೆದು ಮತ್ತೆ ಹತ್ತುತ್ತಾರೆ.

ಇದೇ ಕತೆಯನ್ನ ಹೆಸರು ಬದಲಾಯಿಸಿ ನಮ್ಮ ಕಡೆ ಹೇಳಬಹುದು. ನಮ್ಮದರಲ್ಲಿ ತಿರುವು ಇನ್ನೂ ಜಾಸ್ತಿ.

ಮಂಗಳೂರಿಗೆ ಮೊದಲು ರೈಲು ಬಂದಿದ್ದು 1907ರಲ್ಲಿ, ಮದ್ರಾಸಿನಿಂದ! ಶೋರನೂರು, ಕಣ್ಣೂರು, ಕಾಸರಗೋಡು ದಾಟಿ ಕಡಲಿನ ಪಕ್ಕದಲ್ಲೇ ಬಂದ ಬ್ರಾಡ್‌ಗೇಜ್ ಅದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಘಾಟಿಯ ಮೇಲಿನ ನಾವು ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ವಿ. ಮದ್ರಾಸಿನ ರೈಲ್ವೆಗೆ ಮದ್ರಾಸು ಮುಖ್ಯ. ಮೈಸೂರಿನವರು ಅರಸೀಕೆರೆ, ಹಾಸನ, ಮೈಸೂರು ಅಂತ ತಮ್ಮ ಗಡಿಯೊಳಗೇ ಮೀಟರ್‌ಗೇಜ್ ಹಾಕಿಕೊಂಡರು. ನಡುವಿನ ಗೋಡೆ ಹೆಸರಿಗೆ ಪಶ್ಚಿಮ ಘಟ್ಟ. ನನಗೇನೋ ಬೆಟ್ಟಕ್ಕಿಂತ ಗಡಿಯೇ ದೊಡ್ಡ ಗೋಡೆಯಾಗಿತ್ತು ಅನಿಸುತ್ತೆ.

ಇದರ ಫಲ ಏನಾಯ್ತು ನೋಡಿ. 1956ರಲ್ಲಿ ರಾಜ್ಯ ಒಂದಾಯ್ತು. ವಿಧಾನಸೌಧ ಅದೇ ವರ್ಷ ಎದ್ದು ನಿಂತಿತ್ತು. ಆದರೆ ಮಂಗಳೂರಿನವರು ತಮ್ಮದೇ ರಾಜಧಾನಿಗೆ ರೈಲಲ್ಲಿ ಬರಬೇಕಂದ್ರೆ ಕಾಸರಗೋಡು, ಕಣ್ಣೂರು, ಶೋರನೂರು, ಪಾಲಕ್ಕಾಡು, ಕೊಯಮತ್ತೂರು, ಸೇಲಂ, ಜೋಲಾರಪೇಟೆ ಎಲ್ಲ ಸುತ್ತಬೇಕು. ರಸ್ತೆಯಲ್ಲಿ 350 ಕಿಲೋಮೀಟರ್ ದೂರದ ಊರಿಗೆ ಇನ್ನೆರಡು ರಾಜ್ಯ ನೋಡಿಕೊಂಡು ಬರೋದು! ಗೂಗಲ್ ಮ್ಯಾಪ್ ತೆಗೆದು ಬೆರಳಲ್ಲಿ ಒಂದು ಸಲ ಆ ದಾರಿ ಎಳೆದು ನೋಡಿ, ಗೊತ್ತಾಗುತ್ತೆ.

1960ರ ದಶಕದಲ್ಲಿ ಹಾಸನ-ಮಂಗಳೂರು ಮಾರ್ಗದ ಕೆಲಸ ಶುರುವಾಯಿತು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟೋ ಮಾತಿತ್ತು. ಬಂದರು ಇದ್ದು ಒಳನಾಡಿಗೆ ಹಳಿ ಇಲ್ಲದಿದ್ದರೆ ಅಂಗಡಿ ತೆಗೆದು ಬಾಗಿಲು ಹಾಕಿಕೊಂಡ ಹಾಗೆ. ಬಂದರು 1975ರಲ್ಲಿ ಉದ್ಘಾಟನೆ ಆಯ್ತು. ಸಕಲೇಶಪುರದಿಂದ ಕೆಳಗಿಳಿಯೋ ಘಾಟಿಯ ಭಾಗ ಮುಗಿದು ದಾರಿ ಪೂರ್ತಿ ಆಗಿದ್ದು 1979ರಲ್ಲಿ. ಅಂದ್ರೆ ಮದ್ರಾಸಿನ ರೈಲು ಬಂದು 72 ವರ್ಷಕ್ಕೆ ಬೆಂಗಳೂರು-ಮಂಗಳೂರಿಗೆ ನೇರ ಹಳಿ.

ಆ ಘಾಟಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನಂಥ ಬಿ.ಇ. ಓದಿದವನಿಗೆ ಖುಷಿ ಕೊಡೋದು ಅದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ, ಅಂದ್ರೆ ನೆಟ್ಟಣಕ್ಕೆ, ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 100ಕ್ಕೂ ಹೆಚ್ಚು ಸೇತುವೆ. ಇಳಿಜಾರು 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇಳಿಜಾರಿನ ಮುಂದೆ ಇದೇನೂ ಅಲ್ಲ. ಆದರೆ ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ, ಮೇಲಿಂದ ಮಳೆ, ಹಿಂದೆ ಸಾವಿರಾರು ಟನ್ ಭಾರ ಇದ್ದಾಗ ಇದು ದೊಡ್ಡ ಇಳಿಜಾರೇ. ಅದಕ್ಕೇ ರೈಲು ಇಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರೋದಿಲ್ಲ. ಹತ್ತುವಾಗ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಅನ್ನೋ ಬೇರೆ ಎಂಜಿನ್ನುಗಳನ್ನ ಕಟ್ಟುತ್ತಾರೆ. ಇಳಿಯೋ ಮುಂಚೆ ಬ್ರೇಕ್ ಪರೀಕ್ಷೆ.

ಘಾಟಿಯಲ್ಲಿ ಕ್ಯಾಚ್ ಸೈಡಿಂಗ್ ಅಂತ ಒಂದಿರುತ್ತೆ. ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಏರಿ, ಎಲ್ಲಿಗೂ ಹೋಗದೆ ಮಣ್ಣಿನ ದಿಬ್ಬದಲ್ಲಿ ಮುಗಿಯೋ ಹಳಿ. ಇಳಿದು ಬರೋ ರೈಲಿಗೆ ದಾರಿ ಮಾಮೂಲಾಗಿ ಆ ಕವಲಿಗೇ ತಿರುಗಿಸಿರ್ತಾರೆ. ರೈಲು ಮೊದಲು ನಿಂತು, 'ನನ್ನ ಬ್ರೇಕು ನನ್ನ ಹಿಡಿತದಲ್ಲಿದೆ' ಅಂತ ತೋರಿಸಬೇಕು. ಆಮೇಲಷ್ಟೇ ಮುಂದಿನ ದಾರಿ ಸಿಗೋದು. ಬ್ರೇಕು ಕಳಕೊಂಡ ರೈಲಾದರೆ ತಾನಾಗೇ ಕವಲು ಹತ್ತಿ ಸುಸ್ತಾಗಿ ನಿಲ್ಲುತ್ತೆ. ನಾವು ಸೆಕ್ಯುರಿಟಿ ರಿವ್ಯೂನಲ್ಲಿ 'ಡಿಫಾಲ್ಟ್ ಡಿನೈ' ಅಂತ ಸ್ಲೈಡ್ ಹಾಕಿ ದೊಡ್ಡದಾಗಿ ಹೇಳ್ತೀವಲ್ಲ, ಅದನ್ನ ರೈಲಿನವರು ಹಳಿ, ಮಣ್ಣು, ಗುರುತ್ವದಲ್ಲಿ ಬರೆದಿಟ್ಟು ಎಷ್ಟೋ ಕಾಲವಾಯ್ತು.

ಇಷ್ಟೆಲ್ಲ ಕಟ್ಟಿದ ದಾರಿ 17 ವರ್ಷ ಓಡಿತು. ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡೋ ಯೋಜನೆಯಲ್ಲಿ 1996ರಲ್ಲಿ ಇದನ್ನ ಮುಚ್ಚಿದರು. ಮಂಗಳೂರಿನವರಿಗೆ ಮತ್ತೆ ಪಾಲಕ್ಕಾಡಿನ ಸುತ್ತು. ಹಣ ಸಾಲದೆ ಕೆಲಸ ಕುಂಟಿತು. ಆಮೇಲೆ ರೈಲ್ವೆ, ರಾಜ್ಯ ಸರ್ಕಾರ, ಬಂದರು ಸೇರಿ ಹಾಸನ-ಮಂಗಳೂರು ರೈಲಿಗೆಂದೇ ಒಂದು ಕಂಪನಿ ಮಾಡಿದ ಮೇಲೆ ಚುರುಕಾಯ್ತು. ಬಳ್ಳಾರಿ ಕಡೆಯ ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೆಲೆ ಏರುತ್ತಿದ್ದ ಕಾಲ ಅದು. 2006ರ ಮೇನಲ್ಲಿ ಗೂಡ್ಸ್ ರೈಲು ಓಡಿತು. ಜನರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಮಣ್ಣು ಮೊದಲು ಇಳಿಯಿತು, ಮನುಷ್ಯರು ಒಂದೂವರೆ ವರ್ಷ ಆದಮೇಲೆ. ಘಾಟಿಯಲ್ಲಿ ಪ್ರಯಾಣಿಕರ ಸುರಕ್ಷತೆ ಬೇರೆ ಲೆಕ್ಕ ಅನ್ನೋದು ನಿಜ. ಆದರೂ ಆ ಒಂದೂವರೆ ವರ್ಷ ಓದುವಾಗ ನನಗೆ ಹೊಟ್ಟೆ ಉರಿಯುತ್ತೆ.

ನಮ್ಮೂರು ನೆಲಮಂಗಲ ತಾಲೂಕಿನ ಹಳ್ಳಿ. ಈ ಕತೆಯಲ್ಲಿ ನಮ್ಮೂರಿಗೂ ಒಂದು ಸಾಲು ಇದೆ. ಬೆಂಗಳೂರಿಂದ ಹಾಸನಕ್ಕೆ ಅರಸೀಕೆರೆ ಸುತ್ತಿ ಹೋಗೋ ಬದಲು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ಹೋಗೋ ಮಾರ್ಗಕ್ಕೆ 90ರ ದಶಕದಲ್ಲಿ ಮಂಜೂರಾತಿ ಸಿಕ್ಕಿತು. ನಾನಾಗ ಪ್ರೈಮರಿ ಸ್ಕೂಲು. ಹೊಲದ ಬದುವಿನ ಹತ್ತಿರ ಸರ್ವೆ ಕಲ್ಲು ನೆಟ್ಟು ಹೋದರು. "ಇಲ್ಲಿ ರೈಲು ಬತ್ತದಂತೆ ಕಣ್ಲಾ" ಅಂದರು ನಮ್ಮಪ್ಪ. ನಾನು ವಾರಗಟ್ಟಲೆ ಅಲ್ಲೇ ಕೂತು ಕಾದೆ. ನಮ್ಮಜ್ಜಿ ಆ ಕಲ್ಲಿಗೆ ಹಸು ಕಟ್ಟೋಕೆ ಶುರು ಮಾಡಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ, ಬಿ.ಇ. ಮುಗಿಸಿದೆ, ಎರಡು ಕಂಪನಿ ಬದಲಾಯಿಸಿದೆ. 2017ರ ಮಾರ್ಚಿನಲ್ಲಿ ಬೆಂಗಳೂರು-ಹಾಸನ ರೈಲು ಓಡಿದಾಗ ಅಜ್ಜಿ ಇರಲಿಲ್ಲ. ಅಪ್ಪ ಬದುವಿನ ಮೇಲೆ ನಿಂತು ನೋಡಿ ಫೋನ್ ಮಾಡಿ, "ಬಂತು, ಓಯ್ತು" ಅಂದರು. ಅಷ್ಟೇ.

ಆ ಹಳಿ ಮೇಲೇ ಈಗ ಬೆಳಿಗ್ಗೆ ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲು ಹೋಗುತ್ತೆ. 2021ರ ಜುಲೈನಲ್ಲಿ ಮಂಗಳೂರಿನ ರೈಲಿಗೆ ವಿಸ್ಟಾಡೋಮ್ ಬೋಗಿ ಸೇರಿಸಿದರು. ಗಾಜಿನ ಚಾವಣಿ, ದೊಡ್ಡ ಕಿಟಕಿ, ತಿರುಗೋ ಕುರ್ಚಿ, ಒಂದು ಬೋಗಿಗೆ 44 ಸೀಟು. ನಾನು ಹೋದ ದಿನ ಕುಣಿಗಲ್ ದಾಟೋವರೆಗೂ ಎಲ್ಲರೂ ಲ್ಯಾಪ್‌ಟಾಪ್ ತೆಗೆದು ಕೂತಿದ್ದರು. ಸಕಲೇಶಪುರ ಬಿಟ್ಟಮೇಲೆ ನೆಟ್‌ವರ್ಕ್ ಹೋಯ್ತು, ಜನ ತಲೆ ಎತ್ತಿದರು. ದೋಣಿಗಾಲ್, ಕಡಗರವಳ್ಳಿ. ಕೆಳಗೆಲ್ಲೋ ಕೆಂಪುಹೊಳೆ, ಆಚೆ ಶಿರಾಡಿ ಹೆದ್ದಾರಿಯ ಲಾರಿಗಳು ಬೆಂಕಿಪೊಟ್ಟಣದಷ್ಟು. ಪ್ರತಿ ಸುರಂಗಕ್ಕೂ ಹುಡುಗರು ಕೂಗೋರು. ನಾನೂ ಎರಡು ಸಲ ಕೂಗಿದೆ. ಇಲ್ಲಿ ಗೈಡ್ ಇರಲ್ಲ. ಯಾವ ಬೆಟ್ಟ, ಯಾವ ಹೊಳೆ, ಯಾರು ಯಾವಾಗ ಕೊರೆದರು ಅಂತ ಹೇಳೋ ಒಂದು ಬೋರ್ಡೂ ಬೋಗಿಯಲ್ಲಿ ಕಾಣಲಿಲ್ಲ. ಒಂದು ಆಡಿಯೋ ಕಾಮೆಂಟರಿ ಹಾಕೋಕೆ ಎಷ್ಟು ಖರ್ಚಾಗುತ್ತೆ ಹೇಳಿ!

ಮೊದಲೆಲ್ಲ ಬೆಂಗಳೂರಿನ ಹುಡುಗರು ಈ ಹಳಿ ಮೇಲೇ ನಡೆದು ಟ್ರೆಕ್ಕಿಂಗ್ ಮಾಡೋರು. ಈಗ ನಿಷೇಧ. ಸರಿಯಾದ ನಿಷೇಧ ಅಂತೀನಿ. ಸೇತುವೆ ನಡುವೆ ಗೂಡ್ಸ್ ಬಂದರೆ ಓಡೋಕೆ ಜಾಗ ಇಲ್ಲ.

ಆ ಹಳಿ ಮೇಲೆ ನಡೆಯಲೇಬೇಕಾದವರು ಬೇರೆ ಇದ್ದಾರೆ. 2018ರ ಆಗಸ್ಟಿನ ಮಳೆಯಲ್ಲಿ ಘಾಟಿಯ ಹತ್ತಾರು ಕಡೆ ಗುಡ್ಡ ಜಾರಿ ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ-ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಮರಳು ಮೂಟೆ ಪೇರಿಸಿ, ತಂತಿ ಬಲೆಯೊಳಗೆ ಕಲ್ಲು ತುಂಬಿ ಗೋಡೆ ಕಟ್ಟಿ, ಸುರಿಯೋ ಮಳೆಯಲ್ಲೇ ದಾರಿ ನಿಲ್ಲಿಸಿದರು. ಮಳೆಗಾಲದಲ್ಲಿ ರಾತ್ರಿ ಟ್ರ್ಯಾಕ್‌ಮನ್‌ಗಳು ಟಾರ್ಚು, ಕೆಂಪು ದೀಪ, ಹಳಿ ಮೇಲೆ ಇಟ್ಟರೆ ಢಂ ಅನ್ನೋ ಡಿಟೊನೇಟರು ಹಿಡಿದು ತಮ್ಮ ಪಾಲಿನ ಹಳಿ ನಡೀತಾರೆ. ಗಸ್ತಿನ ತುದಿಯಲ್ಲಿ ಆ ಕಡೆಯಿಂದ ಬಂದವನ ಜೊತೆ ಗಸ್ತು ಪುಸ್ತಕ ಅದಲುಬದಲು ಮಾಡಿಕೊಂಡು ವಾಪಸ್ ಹೊರಡ್ತಾರೆ. ಪುಸ್ತಕ ಬದಲಾಗಿದ್ರೆ ಇಬ್ಬರೂ ನಡೆದಿದ್ದಾರೆ ಅಂತ ಲೆಕ್ಕ.

ಎಡಕುಮೇರಿ ಸ್ಟೇಷನ್ನಿಗೆ ರಸ್ತೆ ಇಲ್ಲ. ಅಕ್ಕಿ, ತರಕಾರಿ ಎಲ್ಲ ರೈಲಲ್ಲೇ ಬರಬೇಕು. ನಮ್ಮ ರೈಲು ಎದುರಿನ ಗೂಡ್ಸಿಗೆ ದಾರಿ ಬಿಡೋಕೆ ಅಲ್ಲಿ ನಿಂತಾಗ ನಾನು ಬಾಗಿಲ ಹತ್ತಿರ ಬಂದು ನಿಂತೆ. ರೇನ್‌ಕೋಟ್ ಹಾಕಿದ ಒಬ್ಬರು, ಹೆಗಲ ಮೇಲೆ ದೊಡ್ಡ ಸ್ಪ್ಯಾನರ್, ಹಳಿ ಪಕ್ಕ ನಿಂತಿದ್ದರು. ಗದಗದ ಕಡೆಯವರಂತೆ, ನಾಲ್ಕು ವರ್ಷದಿಂದ ಘಾಟಿಯಲ್ಲೇ ಇದ್ದಾರಂತೆ. ಜಿಗಣೆ ಕಾಟ ಹೇಗೆ ಅಂದೆ. "ಅದು ದಿನಾ ಇದ್ದದ್ದರಿ" ಅಂದು ನಕ್ಕರು. ಆಮೇಲೆ ಬೋಗಿಯೊಳಗೆ ಒಮ್ಮೆ ಇಣುಕಿ, "ಸರ, ಇವತ್ತಿನ ಪೇಪರ್ ಐತೇನ್ರಿ?" ಅಂತ ಕೇಳಿದರು.

ಯಶವಂತಪುರದಲ್ಲಿ ಕೊಂಡಿದ್ದು ಬ್ಯಾಗಿನಲ್ಲಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ತಂದು ಕೊಟ್ಟೆ. ಅದನ್ನು ರೇನ್‌ಕೋಟಿನೊಳಗೆ ಸೇರಿಸಿಕೊಂಡು ಅವರು ಸಿರಿಬಾಗಿಲಿನ ಕಡೆಗೆ ನಡೆದರು.