ಗುತ್ತೇದಾರನ ಒಂದು ಪರ್ಸೆಂಟ್: ಬೀದರಿನ ಬಿಲ್ಲುಗಳಿಗೆ ಟಿಡಿಎಸ್ ಬಂದ ಕಥೆ

ಇವತ್ತಿನ ವಿಷಯದ ಹೆಸರು ಕೇಳಿದ್ರೆ ಅರ್ಧ ಜನ ಮುಂದಿನ ಸಂಚಿಕೆಗೆ ಜಿಗಿತೀರಿ ಅಂತ ಗೊತ್ತು. ಟಿಡಿಎಸ್. ಅಂದ್ರೆ ಗುತ್ತಿಗೆದಾರನ ಬಿಲ್ಲಿನಲ್ಲೇ ಕಟ್ ಆಗೋ ತೆರಿಗೆ. ಎರಡು ನಿಮಿಷ ತಾಳ್ರಿ. ಇದರೊಳಗೆ ನಿಜಾಮ ಬರ್ತಾನೆ, ಬಹಮನಿ ಕಾಲದ ಒಂದು ಕೊಲೆ ಬರ್ತದೆ, ನಮ್ಮ ಕಾಕಾ ಬರ್ತಾರೆ.

ಕಾಕಾನಿಂದಲೇ ಶುರು ಮಾಡ್ತೀನಿ. ನಮ್ಮ ಕಾಕಾ ಔರಾದ್ ತಾಲ್ಲೂಕಿನ ಸಣ್ಣ ಗುತ್ತಿಗೆದಾರ. ಸಿ.ಸಿ. ರೋಡು, ಚರಂಡಿ, ಶಾಲೆ ಕಾಂಪೌಂಡು, ಇಂಥ ಕೆಲಸ. 2013ರಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರರ ಕೈಕೆಳಗೆ 6,40,000 ರೂಪಾಯಿ ಕೆಲಸ ಮಾಡಿದ್ರು. ಬಿಲ್ಲಿನಲ್ಲಿ ಒಂದು ಪರ್ಸೆಂಟ್ ಕಟ್ ಆಯ್ತು, 6,400. ವರ್ಷದ ಕೊನೆಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋಣ ಅಂತ ಫಾರ್ಮ್ 26ಎಎಸ್ ತೆಗೆದು ನೋಡಿದ್ರೆ ಖಾಲಿ. ಕಾಕಾ ಕೇಳಿದ ಪ್ರಶ್ನೆ ನನಗಿನ್ನೂ ನೆನಪದೆ: “ತಮ್ಮಾ, ರೊಕ್ಕ ನನ್ನ ಬಿಲ್ಲಿನಾಗ ಹೋಗ್ಯದ, ಸರ್ಕಾರಕ್ಕೂ ಮುಟ್ಯದ ಅಂತಾರ. ಮತ್ತ ನನ್ನ ಹೆಸರಿಗೆ ಯಾಕ ಬಂದಿಲ್ಲ?”

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ನಾನು ಲೆಕ್ಕಪತ್ರದ ಕೆಲಸಕ್ಕೆ ಬಿದ್ದೆ. ಈಗ ಭಾಲ್ಕಿಯಲ್ಲಿ ಕೆಲವು ಸಣ್ಣ ಫರ್ಮುಗಳ ಟಿಡಿಎಸ್ ಲೆಕ್ಕ ನೋಡ್ಕೋತೀನಿ. ಉತ್ತರ ಕೊನೆಗೆ ಹೇಳ್ತೀನಿ. ಮೊದಲು ಇತಿಹಾಸ.

ನಮ್ಮ ಕಡೆ ‘ಗುತ್ತೇದಾರ್’ ಅನ್ನೋ ಅಡ್ಡಹೆಸರು ಎಷ್ಟು ಜನಕ್ಕಿದೆ ನೋಡ್ರಿ. ಇವತ್ತು ಗುತ್ತೇದಾರ ಅಂದ್ರೆ ಕೆಲಸ ಹಿಡಿಯೋನು, ಅವನ ಬಿಲ್ಲಿನಿಂದ ಸರ್ಕಾರ ತೆರಿಗೆ ಮುರ್ಕೊಳ್ಳುತ್ತೆ. ಹಿಂದೆ ಉಲ್ಟಾ ಇತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಪ್ರದೇಶದ ಕಂದಾಯ ವಸೂಲಿಯನ್ನೇ ಗುತ್ತಿಗೆಗೆ ಕೊಡ್ತಿದ್ರು. ಗುತ್ತಿಗೆ ಹಿಡಿದವನು ದರ್ಬಾರಿಗೆ ಇಂತಿಷ್ಟು ಅಂತ ಒಪ್ಪಿಸಿ, ಉಳಿದದ್ದನ್ನ ಇಟ್ಕೊಳ್ತಿದ್ದ. ಎಷ್ಟು ಹಿಂಡಿದ ಅನ್ನೋದಕ್ಕೆ ಲೆಕ್ಕ ಕೇಳೋರು ಯಾರು? 1853ರಲ್ಲಿ ದಿವಾನರಾದ ಮೊದಲನೇ ಸಾಲಾರ್ ಜಂಗ್ ಈ ಪದ್ಧತಿಯನ್ನ ಮುರೀತಾ ಬಂದ್ರು. 1865ರ ಜಿಲ್ಲಾಬಂದಿಯಲ್ಲಿ ಸಂಸ್ಥಾನವನ್ನ ಜಿಲ್ಲೆಗಳಾಗಿ ಮಾಡಿ, ಸಂಬಳದ ಅಧಿಕಾರಿಗಳ ಕೈಗೆ ವಸೂಲಿ ಕೊಟ್ರು. ಆದ್ರೂ ಸೇಂದಿ, ಸಾರಾಯಿಯ ಹರಾಜಿನಲ್ಲಿ ಗುತ್ತೆ ಉಳೀತು. ಜಾಗೀರು, ಪೈಗಾಗಳು 1949ರ ತನಕ ಉಳಿದವು.

ಇನ್‌ಕಮ್ ಟ್ಯಾಕ್ಸ್ ಅನ್ನೋದಂತೂ ನಮ್ಮ ಬೀದರಿಗೆ ಬಹಳ ತಡ. ಬ್ರಿಟಿಷ್ ಇಂಡಿಯಾದಲ್ಲಿ ಅದು 1860ಕ್ಕೇ ಬಂತು. ನಾವಿದ್ದದ್ದು ನಿಜಾಮನ ರಾಜ್ಯದಲ್ಲಿ. ಹೈದರಾಬಾದಿನ ಸ್ವಂತ ಆದಾಯ ತೆರಿಗೆ ಕಾಯ್ದೆ ಫಸಲಿ 1357ರದ್ದು, ಅಂದ್ರೆ ಸಂಸ್ಥಾನದ ಕಟ್ಟಕಡೆಯ ದಿನಗಳದ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಕಾಯ್ದೆ ಇಲ್ಲಿಗೂ ಅನ್ವಯ ಆಯ್ತು. ಬೀದರ್ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಅಂದ್ರೆ ಕರ್ನಾಟಕದ ಕಾಗದ ಬರೋ ಮೊದಲೇ ನಮಗೆ ದಿಲ್ಲಿಯ ತೆರಿಗೆ ಕಾಗದ ಬಂದಿತ್ತು!

ಗುತ್ತಿಗೆದಾರನ ವಿಷಯ ಬಂದದ್ದು 1972ರಲ್ಲಿ. ಆ ವರ್ಷದ ಹಣಕಾಸು ಕಾಯ್ದೆ 1961ರ ಕಾಯ್ದೆಯೊಳಗೆ 194ಸಿ ಅನ್ನೋ ಸೆಕ್ಷನ್ ಸೇರಿಸಿತು. ಕಾರಣ ಸರಳ. ಸಂಬಳದವನು ಎಲ್ಲೂ ಓಡಿಹೋಗಲ್ಲ. ಗುತ್ತಿಗೆದಾರ ಇವತ್ತು ಔರಾದಿನಲ್ಲಿ, ನಾಳೆ ಗಡಿಯಾಚೆ ಉದಗೀರಿನಲ್ಲಿ. ಹಾಗಾಗಿ ರೊಕ್ಕ ಕೊಡೋನೇ ಮೊದಲು ತೆರಿಗೆ ಮುರ್ಕೊಂಡು ಸರ್ಕಾರಕ್ಕೆ ಕಟ್ಟಲಿ ಅಂತ. ಆಗ ಗುತ್ತಿಗೆದಾರನಿಗೆ ಎರಡು ಪರ್ಸೆಂಟ್, ಉಪಗುತ್ತಿಗೆದಾರನಿಗೆ ಒಂದು. 2009ರ ಅಕ್ಟೋಬರಿನಿಂದ ವ್ಯಕ್ತಿಗೆ, ಅವಿಭಕ್ತ ಕುಟುಂಬಕ್ಕೆ ಒಂದು, ಉಳಿದವರಿಗೆ ಎರಡು. ಒಂದೇ ಬಿಲ್ಲು 30,000 ದಾಟಿದರೆ, ಇಲ್ಲಾ ವರ್ಷಕ್ಕೆ ಒಟ್ಟು ಒಂದು ಲಕ್ಷ ದಾಟಿದರೆ ಕಟ್.

ಆದ್ರೆ ರೊಕ್ಕ ಕಟ್ಟಿದರೆ ಮುಗೀಲಿಲ್ಲ. ಯಾರ ಹೆಸರಿಂದ ಎಷ್ಟು ಮುರಿದೆ ಅಂತ ಪಟ್ಟಿ ಕೊಡಬೇಕಲ್ಲ? ಇಡೀ ಕಥೆ ಇರೋದೇ ಈ ಪಟ್ಟಿಯಲ್ಲಿ. ಮೊದಲು ವರ್ಷಕ್ಕೊಂದು ಕಾಗದದ ಫಾರ್ಮು. ಗುತ್ತಿಗೆದಾರನ ಕೈಗೊಂದು ಫಾರ್ಮ್ 16ಎ ಸರ್ಟಿಫಿಕೇಟ್, ಮೇಲೊಂದು ಸೀಲು. ಆ ಕಾಗದ ಕಳ್ಕೊಂಡ್ರೆ ನಿಮ್ಮ ರೊಕ್ಕ ಕಳ್ಕೊಂಡ ಹಾಗೇ. ಕಾಕಾ ಅವನ್ನೆಲ್ಲ ಟ್ರಂಕಿನಲ್ಲಿ, ಹೊಲದ ಪಹಣಿ ಜೊತೆ ಇಡ್ತಿದ್ರು.

2003ರಲ್ಲಿ ಇ-ಟಿಡಿಎಸ್ ಯೋಜನೆ ಬಂತು. ಮೊದಲು ಕಂಪನಿಗಳಿಗೆ ಕಡ್ಡಾಯ, ಆಮೇಲೆ ಸರ್ಕಾರಿ ಕಚೇರಿಗಳಿಗೆ. 2005ರಿಂದ ವರ್ಷಕ್ಕೊಂದರ ಬದಲು ಮೂರು ತಿಂಗಳಿಗೊಂದು ಸ್ಟೇಟ್‌ಮೆಂಟ್, ಗುತ್ತಿಗೆದಾರರದ್ದು 26ಕ್ಯೂ. ಇ-ಫೈಲಿಂಗ್ ಅಂದ್ರೆ ಈಗಿನ ಹಾಗೆ ಅಂತ ತಿಳೀಬೇಡ್ರಿ. ಫೈಲನ್ನ ಫ್ಲಾಪಿ ಇಲ್ಲಾ ಸಿಡಿಯಲ್ಲಿ ಹಾಕಿ, ಜೊತೆಗೆ 27ಎ ಅನ್ನೋ ಕಾಗದಕ್ಕೆ ಸಹಿ ಮಾಡಿ, ಖುದ್ದಾಗಿ ಹೋಗಿ ಕೊಡಬೇಕಿತ್ತು. ನನಗೆ ಕೆಲಸ ಕಲಿಸಿದ ಮುನೀಮರು ಸಿಡಿಯನ್ನ ಟವೆಲಿನಲ್ಲಿ ಸುತ್ತಿ, ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಗುಲಬರ್ಗಾಕ್ಕೆ ಒಯ್ತಿದ್ರು. ಬೀದರ್–ಕಲಬುರಗಿ ರೈಲು ಶುರುವಾದದ್ದೇ 2017ರ ಅಕ್ಟೋಬರಿಗೆ. ಅಷ್ಟೊತ್ತಿಗೆ ಸಿಡಿ ಒಯ್ಯೋ ಕೆಲಸವೇ ಉಳಿದಿರಲಿಲ್ಲ. 2016ರಿಂದ ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲೇ ನೇರ ಅಪ್‌ಲೋಡ್.

ಇಲ್ಲೇ ಸಾಫ್ಟ್‌ವೇರ್ ಮಾತು. ಭಾಲ್ಕಿಯ ಅಡತಿ ಅಂಗಡಿಯಿಂದ ಬೀದರಿನ ಹಾರ್ಡ್‌ವೇರ್ ಅಂಗಡಿ ತನಕ ‘ಕಂಪ್ಯೂಟರ್ ಲೆಕ್ಕ’ ಅಂದ್ರೆ ಟ್ಯಾಲಿ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ, ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ್ದು. ಟ್ಯಾಲಿ ಇದ್ದವರು 26ಕ್ಯೂಗಾಗಿ ಬೇರೆ ಸಾಫ್ಟ್‌ವೇರ್ ಕೊಳ್ಳೋದನ್ನ ನೋಡಿದ್ರೆ ನನಗೆ ಹೊಟ್ಟೆ ಉರೀತದೆ. ಗುತ್ತಿಗೆದಾರನ ಲೆಡ್ಜರಿನಲ್ಲಿ ಪ್ಯಾನ್, ಪಾವತಿಯ ಬಗೆ, ಅವನು ವ್ಯಕ್ತಿಯೋ ಫರ್ಮೋ ಅನ್ನೋದು, ಈ ಮೂರು ಮೊದಲ ದಿನವೇ ಹಾಕಿದ್ರೆ ಟ್ಯಾಲಿಯೇ 26ಕ್ಯೂ ಫೈಲ್ ತೆಗೆದು ಕೊಡುತ್ತೆ.

ಟ್ಯಾಲಿಯೂ ಇಲ್ಲ, ಐದಾರು ಗುತ್ತಿಗೆದಾರರು ಅಷ್ಟೇ ಅಂತೀರಾ? ಆಗ ಆರ್‌ಪಿಯು. ಮೊದಲು ಎನ್‌ಎಸ್‌ಡಿಎಲ್ ಇ-ಗವ್ ಅಂತಿದ್ದ, 2021ರ ಕೊನೆಗೆ ಪ್ರೋಟಿಯನ್ ಅಂತ ಹೆಸರು ಬದಲಿಸಿದ ಸಂಸ್ಥೆ ಇದನ್ನ ಪುಕ್ಕಟೆ ಕೊಡುತ್ತೆ. ನೋಡೋಕೆ ಚಂದ ಇಲ್ಲ, ಜಾವಾ ಬೇಕು ಅಂತ ಹಟ ಹಿಡಿಯುತ್ತೆ. ಆದ್ರೆ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಚಲನ್ ವಿವರ ತುಂಬೋದು, ಪ್ಯಾನ್ ಪ್ರಕಾರ ಸಾಲುಗಳನ್ನ ತುಂಬೋದು, ಪೋರ್ಟಲಿನಿಂದ ಇಳಿಸಿಕೊಂಡ ಚಲನ್ ಫೈಲ್ ಕೊಟ್ಟು ತಾಳೆ ನೋಡೋದು. ಎಫ್‌ವಿಯು ಅನ್ನೋ ಪರೀಕ್ಷಕ ತಪ್ಪು ಇದ್ರೆ ಅಲ್ಲೇ ಹಿಡೀತಾನೆ, ಇಲ್ಲದಿದ್ರೆ ಅಪ್‌ಲೋಡಿಗೆ ಫೈಲ್ ಕೊಡ್ತಾನೆ. ಟ್ಯಾಲಿ ಫೈಲ್ ಕೂಡ ಇದೇ ಪರೀಕ್ಷಕನ ಮುಂದೆ ನಿಲ್ಲಬೇಕು. ಪೋರ್ಟಲಿನಲ್ಲಿ ಅಪ್‌ಲೋಡಿಗೆ ಫೀ ಇಲ್ಲ. ಡಿಜಿಟಲ್ ಸಹಿ ಇದ್ರೆ ಅದು, ಇಲ್ಲಾಂದ್ರೆ ಫೋನಿಗೆ ಬರೋ ಕೋಡು. ಒಟ್ಟು ಖರ್ಚು ಅಂದ್ರೆ ಟ್ಯಾನ್ ನಂಬರ್ ತಗೊಳ್ಳೋಕೆ ಒಂದು ಸಲ ಕೊಡೋ ನೂರು ರೂಪಾಯಿಗೂ ಕಡಿಮೆ ಫೀ.

ಒಂದು ಮಾತು ಬಹಳ ಜನ ಮರೀತಾರೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇರೋ ಸಾಗಣೆಯವನು ಪ್ಯಾನ್ ಜೊತೆ ಬರೆದುಕೊಟ್ಟರೆ ಅವನಿಂದ ತೆರಿಗೆ ಮುರಿಯಬೇಕಿಲ್ಲ. ಆದ್ರೆ ಅವನ ಸಾಲು 26ಕ್ಯೂನಲ್ಲಿ ಇರಲೇಬೇಕು. ಇನ್ನೊಂದು: ನಾನು ಹೇಳ್ತಿರೋದು 1961ರ ಕಾಯ್ದೆಯ ನಂಬರುಗಳು. 2026ರ ಏಪ್ರಿಲ್ 1ರಿಂದ ಅದರ ಜಾಗ 2025ರ ಕಾಯ್ದೆಯದ್ದು. 194ಸಿಯ ಮಾತು ಅಲ್ಲಿ 393ನೇ ಸೆಕ್ಷನ್ನಿನೊಳಗೆ ಸೇರಿದೆ.

ಹಾಗಾದ್ರೆ ದುಬಾರಿ ಯಾವುದು? ತಡ ಮಾಡೋದು. 2012ರ ಜುಲೈ 1ರಿಂದ 234ಇ ಸೆಕ್ಷನ್ ಬಂತು: ಸ್ಟೇಟ್‌ಮೆಂಟ್ ತಡವಾದರೆ ದಿನಕ್ಕೆ 200 ರೂಪಾಯಿ, ಮುರಿದ ತೆರಿಗೆಯಷ್ಟು ಆಗೋ ತನಕ. ಮೂರು ಲಕ್ಷದ ಬಿಲ್ಲಿಗೆ ಒಂದು ಪರ್ಸೆಂಟ್ ಅಂದ್ರೆ 3,000. ಹದಿನೈದೇ ದಿನ ತಡ ಮಾಡಿದ್ರೆ ಫೀ ಕೂಡ 3,000! ಊರೂರಿಗೆ ನೋಟಿಸು ಬಂದವು. ಕೇಸು ಕರ್ನಾಟಕ ಹೈಕೋರ್ಟಿಗೆ ಹೋಯ್ತು, ಫತೇರಾಜ್ ಸಿಂಘ್ವಿ ಪ್ರಕರಣ. 2016ರ ಆಗಸ್ಟ್ 26ರ ತೀರ್ಪು ಏನು ಅಂದ್ರೆ, ಸ್ಟೇಟ್‌ಮೆಂಟ್ ಪರಿಶೀಲನೆಯ ಸೂಚನೆಯಲ್ಲೇ ಈ ಫೀ ಹಾಕೋ ಅಧಿಕಾರ ಬಂದದ್ದು 2015ರ ಜೂನ್ 1ಕ್ಕೆ, ಅದಕ್ಕಿಂತ ಹಿಂದಿನ ಅವಧಿಗೆ ಹಾಗೆ ಹಾಕಿದ್ದು ನಿಲ್ಲೋದಿಲ್ಲ. ಆದ್ರೆ ತಕರಾರು ಎತ್ತದೆ ಆಗಲೇ ಕಟ್ಟಿದವರು ಮತ್ತೆ ಅದನ್ನ ಕೆದಕೋ ಹಾಗಿಲ್ಲ ಅಂತಲೂ ಕೋರ್ಟು ಹೇಳಿತು. ನನ್ನ ಮುನೀಮರ ಗಿರಾಕಿಗಳು ಬಹಳ ಜನ ನೋಟಿಸು ಕಂಡ ಕೂಡಲೇ ಕಟ್ಟಿದವರು. ನಮ್ಮ ಕಡೆ ಸರ್ಕಾರಿ ಲಕೋಟೆ ಬಂದ್ರೆ ಓದೋ ಮೊದಲು ಕಟ್ಟೋದೇ ರೂಢಿ.

ಅಮೆರಿಕದಲ್ಲಿ ಹೇಗೆ ಅಂತ ಕೇಳೋರೂ ಇದ್ದೀರಿ, ಬೀದರಿನಲ್ಲೇ ಕೂತು ಅಲ್ಲಿನ ಕೆಲಸ ಮಾಡೋರು. ಅಲ್ಲಿ ಗುತ್ತಿಗೆದಾರನಿಂದ ಸಾಮಾನ್ಯವಾಗಿ ತೆರಿಗೆ ಮುರಿಯಲ್ಲ, 1099 ಅನ್ನೋ ಫಾರ್ಮಿನಲ್ಲಿ ಮಾಹಿತಿ ಮಾತ್ರ ಕಳಿಸ್ತಾರೆ. ಅದಕ್ಕೂ 2023ರಿಂದ ಅಲ್ಲಿನ ತೆರಿಗೆ ಇಲಾಖೆಯದೇ ಪುಕ್ಕಟೆ ಪೋರ್ಟಲ್ ಇದೆ.

ಈಗ ಕೊಲೆ. ಬೀದರಿನಲ್ಲಿ ಒಂದೇ ಮಿನಾರ್ ಉಳಿದ ಮದರಸಾ ನೋಡಿದ್ದೀರಲ್ಲ, 1472ರದ್ದು, ಮಹಮೂದ್ ಗಾವಾನ್ ಕಟ್ಟಿಸಿದ್ದು. ಬಹಮನಿಯ ಆ ಪ್ರಧಾನಿ ಜಮೀನು ಅಳೆಸಿ ಕಂದಾಯ ಗೊತ್ತು ಮಾಡಿದವನು, ನಾಲ್ಕು ಪ್ರಾಂತ್ಯಗಳನ್ನ ಎಂಟು ಮಾಡಿ ದೊಡ್ಡ ಸರದಾರರ ರೆಕ್ಕೆ ಕತ್ತರಿಸಿದವನು. ವೈರಿಗಳು ಹುಟ್ಟಿದ್ರು. ಫರಿಷ್ತಾ ಬರೆದ ಪ್ರಕಾರ, ಅವರು ಗಾವಾನನ ಮುದ್ರೆ ಕಾಯೋ ಗುಲಾಮನಿಗೆ ಕುಡಿಸಿ, ಮಡಚಿದ ಕಾಗದ ಮುಂದಿಟ್ಟರು. ‘ಇದು ನಮ್ಮ ಗೆಳೆಯನ ಲೆಕ್ಕದ ಕಾಗದ, ಒಂದು ಮುದ್ರೆ ಬಾಕಿ ಅದೆ’ ಅನ್ನೋ ಮಾತು ಹೇಳಿ. ಅವನು ಬಿಚ್ಚಿ ನೋಡದೆ ಒತ್ತಿದ. ಒಳಗೆ ಖಾಲಿ ಇತ್ತು. ಅದರ ಮೇಲೆ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಅಂತ ಪತ್ರ ಬರೆದು ಸುಲ್ತಾನನಿಗೆ ತೋರಿಸಿದ್ರು. 1481ರಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ಹೋಯ್ತು. ಮುದ್ರೆ ಅಸಲಿ, ಪತ್ರ ಸುಳ್ಳು.

ಇದನ್ನ ಯಾಕೆ ತಂದೆ ಅಂದ್ರೆ, ಡಿಜಿಟಲ್ ಸಹಿಯ ಪೆನ್‌ಡ್ರೈವನ್ನ ಪಿನ್ ಚೀಟಿ ಸಮೇತ ಕಂಪ್ಯೂಟರ್ ಅಂಗಡಿಯ ಡ್ರಾಯರಿನಲ್ಲಿ ಬಿಟ್ಟು ಬರೋ ಗುತ್ತಿಗೆದಾರರನ್ನ ನಾನು ಪ್ರತಿ ವಾರ ನೋಡ್ತೀನಿ. “ಇರ್ಲಿ ಬಿಡ್ರಿ ಅಣ್ಣಾ, ಟೆಂಡರ್ ಹಾಕ್ಲಾಕ ಮತ್ತ ಬೇಕಾಗ್ತದ” ಅಂತಾರೆ. ಕೆಲಸ ಅಗ್ಗಕ್ಕೆ ಮಾಡಿಸ್ರಿ, ತಪ್ಪಲ್ಲ. ಆ ಪೆನ್‌ಡ್ರೈವ್ ಮಾತ್ರ ಜೇಬಿನಲ್ಲಿ ವಾಪಸ್ ತರ್ರಿ.

ಕಾಕಾನ 6,400ಕ್ಕೆ ಬರೋಣ. ದೊಡ್ಡ ಗುತ್ತಿಗೆದಾರರು ರೊಕ್ಕ ಕಟ್ಟಿದ್ದರು, ಸ್ಟೇಟ್‌ಮೆಂಟೂ ಹಾಕಿದ್ದರು. ಕಾಕಾನ ಪ್ಯಾನಿನಲ್ಲಿ ಒಂದು ಅಂಕಿ ತಪ್ಪಾಗಿತ್ತು, ಮೂರರ ಬದಲು ಎಂಟು. ಮುರಿದ ತೆರಿಗೆಯನ್ನ ಮತ್ತೆ ಗುತ್ತಿಗೆದಾರನಿಂದ ಕೇಳಬಾರದು ಅಂತ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತೆ, ಖರೆ. ಆದ್ರೆ ಕಂಪ್ಯೂಟರಿನ ಪಟ್ಟಿಯಲ್ಲಿ ಹೆಸರಿಲ್ಲದವನು ಅದನ್ನ ಸಾಬೀತು ಮಾಡೋಕೆ ಎಷ್ಟು ಸಲ ಬಸ್ ಹತ್ತಬೇಕು? ಅವರ ಅಕೌಂಟೆಂಟ್ ಒಂದು ವರ್ಷ “ಕರೆಕ್ಷನ್ ಹಾಕ್ತೀವಿ ಕಾಕಾ” ಅಂತಲೇ ದಿನ ದೂಡಿದ. ಕೊನೆಗೆ ನಾನೇ ಆರ್‌ಪಿಯು ಇಳಿಸಿಕೊಂಡು ಅವನ ಪಕ್ಕ ಹೋಗಿ ಕೂತೆ. ಟ್ರೇಸಸ್‌ನಿಂದ ಹಳೇ ಸ್ಟೇಟ್‌ಮೆಂಟಿನ ಫೈಲ್ ತರಿಸಿ, ಆ ಒಂದು ಅಂಕಿ ತಿದ್ದಿ, ಫೈಲ್ ತಯಾರಾಗೋಕೆ ಹಿಡಿದದ್ದು ಅರ್ಧ ಗಂಟೆ. ನಡುವೆ ಕರೆಂಟ್ ಹೋಗಿ ಬಂದದ್ದೂ ಸೇರಿ.

ಕೆಲವು ದಿನ ಆದಮೇಲೆ 26ಎಎಸ್‌ನಲ್ಲಿ ಸಾಲು ಬಂತು. ನಾನು ಪ್ರಿಂಟ್ ತೆಗೆದು ಔರಾದಿಗೆ ಒಯ್ದೆ. ಕಾಕಾ ಕನ್ನಡಕ ಹಾಕ್ಕೊಂಡು ಪ್ಯಾನಿನ ಒಂದೊಂದೇ ಅಂಕಿ ಬೆರಳಿಟ್ಟು ಓದಿದ್ರು. ಆಮೇಲೆ ಅದನ್ನೂ ಮಡಚಿ ಟ್ರಂಕಿನೊಳಗೆ, ಪಹಣಿ ಮೇಲೆ ಇಟ್ಟರು.