ಜಾತ್ರೆಯ ಎತ್ತು, ಸಂಘದ ಹಾಲು: ಹೊರ್ತಿ ಪರಿಸರದ ಜಾನುವಾರು ಸಾಕಣೆ ಮತ್ತು ಸಂಘಟನೆ

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹೊರ್ತಿಯು ಇಂಡಿ ತಾಲ್ಲೂಕಿನ ಪ್ರಮುಖ ಗ್ರಾಮ. ಇಲ್ಲಿಯ ರೇವಣಸಿದ್ಧೇಶ್ವರ ಜಾತ್ರೆಯು ಧಾರ್ಮಿಕ ಸಮಾರಂಭವಷ್ಟೇ ಅಲ್ಲ, ದನಗಳ ಪೇಟೆಯೂ ಹೌದು. ಈ ಭಾಗದ ರೈತನಿಗೆ ಎತ್ತು ಕೊಳ್ಳುವ, ಮಾರುವ, ಹೋಲಿಸಿ ನೋಡುವ ನೆಲೆಯನ್ನು ಇಂಥ ಜಾತ್ರೆಗಳೇ ಒದಗಿಸಿದವು. ಹಲ್ಲು ನೋಡಿ ಪ್ರಾಯ ಅಳೆಯುವುದು, ದಲ್ಲಾಳಿಯ ಮೂಲಕ ಬೆಲೆ ಕುದುರಿಸುವುದು ಅಲ್ಲಿಯ ವಾಡಿಕೆ. ಆದರೆ ಜಾತ್ರೆ ಮುಗಿದೊಡನೆ ಈ ಕೂಟವೂ ಚದುರುತ್ತಿತ್ತು. ದನಗಾರರ ಸ್ಥಾಯೀ ಸಂಘಟನೆ ಈ ನೆಲದಲ್ಲಿ ಬೇರೊಂದು ದಾರಿಯಿಂದ ಬಂದಿತು.

ಸೀಮೆಯ ಎರೆನೆಲಕ್ಕೆ ಬೇಕಾದುದು ಬಲಿಷ್ಠ ಎತ್ತು. ಖಿಲಾರಿಯೊಂದಿಗೆ ಕೃಷ್ಣಾ ಕಣಿವೆ ತಳಿಯೂ ಈ ಅಗತ್ಯವನ್ನು ಪೂರೈಸುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರ ಆಶ್ರಯದಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಮಾದರಿಯ ದನಗಳ ಸಂಕರದಿಂದ ಇದು ರೂಪುಗೊಂಡಿತೆಂದು ತಳಿತಜ್ಞರು ಹೇಳುತ್ತಾರೆ. 1876–78ರ ಮಹಾಕ್ಷಾಮದಲ್ಲಿ ಈ ಜಿಲ್ಲೆಯಲ್ಲಿ ಜನರೊಂದಿಗೆ ದನಕರುಗಳೂ ಅಪಾರವಾಗಿ ನಾಶವಾದವು. ಎತ್ತು ಸತ್ತರೆ ಮರುವರ್ಷದ ಬಿತ್ತನೆಯೇ ನಿಲ್ಲುತ್ತಿದ್ದುದರಿಂದ, ದನದ ಹಾನಿಯು ಸಾಲದ ಮೂಲವೂ ಆಗಿತ್ತು.

1904ರ ಸಹಕಾರ ಕಾಯಿದೆಯ ಮೇರೆಗೆ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಸ್ಥಾಪನೆಯಾಯಿತು. ಆ ಕಾಯಿದೆ ಪತ್ತಿಗೆ ಮಾತ್ರ ಸೀಮಿತವಾಗಿತ್ತು. 1912ರ ಕಾಯಿದೆ ಇತರ ಉದ್ದೇಶಗಳ ಸಂಘಗಳಿಗೂ ಅವಕಾಶ ನೀಡಿತು. ಆದರೂ ಜಾನುವಾರು ಸಾಕಣೆಗಾರರ ವ್ಯಾಪಕ ಸಂಘಟನೆ ಸಾಧ್ಯವಾದದ್ದು ಹಾಲಿನ ಮೂಲಕ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾದ ಮಾದರಿಯನ್ನು ಕರ್ನಾಟಕ 1970ರ ದಶಕದಲ್ಲಿ ಕೈಗೊಂಡಿತು. 1984ರಲ್ಲಿ ಹಾಲು ಮಹಾಮಂಡಳಿ ರೂಪುಗೊಂಡಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೂ ಹಾಲು ಒಕ್ಕೂಟ ಎರಡೂ ಜಿಲ್ಲೆಗಳ ಹೆಸರಿನಲ್ಲಿಯೇ ಮುಂದುವರಿಯಿತು.

ಗ್ರಾಮದ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳಿ ಎಂಬ ಈ ಮೂರು ಹಂತದ ವ್ಯವಸ್ಥೆ ಪಶುಆಹಾರ, ಚಿಕಿತ್ಸೆ, ಕೃತಕ ಗರ್ಭಧಾರಣೆಗಳನ್ನು ಹಳ್ಳಿಗೆ ತಂದಿತು. ಮಧ್ಯವರ್ತಿಯ ಹಂಗಿಲ್ಲದ ನಿಶ್ಚಿತ ಬೆಲೆ ಸಣ್ಣ ಹಿಡುವಳಿದಾರನಿಗೆ ದೊಡ್ಡ ಆಸರೆಯಾಯಿತು. ಆದರೆ ಇಲ್ಲಿ ನೆರವಿನ ಅಳತೆಗೋಲು ಲೀಟರು. 2008ರಲ್ಲಿ ಸರಕಾರ ಪ್ರಕಟಿಸಿದ ಲೀಟರಿಗೆ 2 ರೂಪಾಯಿಯ ಪ್ರೋತ್ಸಾಹಧನ ಸಂಘಕ್ಕೆ ಹಾಲು ಹಾಕುವವನಿಗೆ ದೊರೆಯಿತು. ಖಿಲಾರಿ ಹೋರಿಯನ್ನು ಬೆಳೆಸುವವನಿಗೆ ಅದರಲ್ಲಿ ಪಾಲಿರಲಿಲ್ಲ. ಮಿಶ್ರತಳಿಯ ಆಕಳು ಮತ್ತು ಎಮ್ಮೆಗಳಿಗೆ ಬೆಲೆ ಬಂದಂತೆ, ಟ್ರ್ಯಾಕ್ಟರಿನ ಪೈಪೋಟಿಯಲ್ಲಿ ಎತ್ತಿನ ತಳಿ ಹಿಂದೆ ಸರಿಯಿತು. ಕೃಷ್ಣಾ ಕಣಿವೆ ತಳಿಯ ಸಂಖ್ಯೆ ತೀರ ಕುಗ್ಗಿದೆ.

ಇದೇ ತಳಿಯ ರಕ್ತ ಅಮೆರಿಕದ ಬ್ರಾಹ್ಮನ್ ದನಗಳಲ್ಲಿಯೂ ಸೇರಿದೆ. ಅಲ್ಲಿಯ ಸಾಕಣೆಗಾರರು 1924ರಲ್ಲಿಯೇ ತಳಿ ಸಂಘ ಕಟ್ಟಿ ವಂಶಾವಳಿಯ ದಾಖಲೆಯನ್ನು ತಮ್ಮ ಕೈಯಲ್ಲಿರಿಸಿಕೊಂಡರು. ಹಾಲಿನ ಸಂಘಗಳು ವಂಶಾವಳಿಯ ಕಾರ್ಯಕ್ಕಾಗಿ ಹುಟ್ಟಿದವಲ್ಲ. ಆ ಲೋಪವನ್ನು ಅವುಗಳ ಮೇಲೆ ಹೊರಿಸುವುದೂ ನ್ಯಾಯವಲ್ಲ. 2022ರಲ್ಲಿ ಚರ್ಮಗಂಟು ರೋಗದಿಂದಾಗಿ ರಾಜ್ಯದಲ್ಲಿ ದನಗಳ ಸಂತೆ–ಜಾತ್ರೆಗಳಿಗೆ ನಿರ್ಬಂಧ ಬಿದ್ದಾಗ ಎತ್ತಿನ ಸಾಕಣೆಗಾರನ ಸ್ಥಿತಿ ಸ್ಪಷ್ಟವಾಯಿತು. ಹಾಲು ಉತ್ಪಾದಕನ ಬೆನ್ನಿಗೆ ಸಂಘವಿತ್ತು. ಎತ್ತು ಮಾರುವವನಿಗೆ ಇದ್ದುದು ಜಾತ್ರೆಯೊಂದೇ. ಎರೆನೆಲದ ಮುಖ್ಯ ಪಶುಸಂಪತ್ತು ಸಹಕಾರ ಚಳುವಳಿಯ ಅಂಚಿನಲ್ಲಿಯೇ ಉಳಿದುದು ಈ ಭಾಗದ ಕೃಷಿ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯಾಗಿದೆ.